ಅಟ್ಟದ ಲೆಕ್ಕ, ಕಾಗದದ ಲೆಕ್ಕ

ಮನೆಗಂದಾಯ ಕಟ್ಟಿ ಬಂದ ದಿನ ಅದರ ರಸೀದಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ನಮ್ಮಲ್ಲಿ ಬಹಳ ಮಂದಿ ಇರಲಾರರು. ಒಟ್ಟು ಮೊತ್ತವನ್ನು ನೋಡಿ, ನಿಟ್ಟುಸಿರೊಂದನ್ನು ಬಿಟ್ಟು, ಕಾಗದವನ್ನು ಮಡಿಸಿ ಪೆಟ್ಟಿಗೆಗೆ ಸೇರಿಸುವುದೇ ವಾಡಿಕೆ. ಓದಿದ್ದಾದರೆ ಅದರಲ್ಲಿ ‘ಗ್ರಂಥಾಲಯ ಕರ’ ಎಂಬ ಒಂದು ಸಣ್ಣ ಸಾಲು ಕಣ್ಣಿಗೆ ಬೀಳುತ್ತದೆ. ೧೯೬೫ರಲ್ಲಿ ಆಗಿನ ಮೈಸೂರು ರಾಜ್ಯವು ಮಾಡಿದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಬಂದ ಸಾಲು ಅದು. ಕಂದಾಯದ ಪ್ರತಿಯೊಂದು ರೂಪಾಯಿಯ ಮೇಲೆ ಇಂದು ಆರು ಪೈಸೆ ಪುಸ್ತಕಭಂಡಾರಕ್ಕೆಂದು ಸಲ್ಲುತ್ತದೆ. ಅಕ್ಷರ ಬಾರದವನೂ ಈ ಹಣವನ್ನು ಕೊಡುತ್ತಾನೆ. ಒಂದು ದಿನವೂ ಗ್ರಂಥಾಲಯದ ಹೊಸ್ತಿಲು ತುಳಿಯದ ಗೃಹಿಣಿಯೂ ಕೊಡುತ್ತಾಳೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಅವರಿಗೆ ಏನು ದೊರೆಯಬೇಕು ಎಂಬ ಪ್ರಶ್ನೆ ಕಾಯಿದೆಯಷ್ಟೇ ಹಳೆಯದು. ಅದಕ್ಕೆ ಇತ್ತೀಚೆಗೆ ಬಂದಿರುವ ಹೊಸ ಉತ್ತರವೊಂದನ್ನು ಇಲ್ಲಿ ಸ್ವಲ್ಪ ಪರಿಶೀಲಿಸಬೇಕೆಂದಿದ್ದೇನೆ.

ಆ ಉತ್ತರದ ಹೆಸರು ‘ಆರ್ಥಿಕ ಸಾಕ್ಷರತೆ’. ಹಣವನ್ನು ಉಳಿಸುವುದು, ಸಾಲವನ್ನು ತಿಳಿದು ಪಡೆಯುವುದು, ವಿಮೆ, ಪಿಂಚಣಿ, ಮೋಸದಿಂದ ಪಾರಾಗುವ ಬಗೆ, ಇಷ್ಟೂ ಇದರೊಳಗೆ ಸೇರುತ್ತವೆ. ರಿಸರ್ವ್ ಬ್ಯಾಂಕು ೨೦೧೬ರಿಂದ ಪ್ರತಿವರ್ಷವೂ ಒಂದು ವಾರವನ್ನು ಇದಕ್ಕಾಗಿ ಮೀಸಲಿಟ್ಟಿದೆ. ೨೦೨೫ರ ಫೆಬ್ರವರಿ ೨೪ರಿಂದ ೨೮ರವರೆಗೆ ನಡೆದ ವಾರದ ವಿಷಯ ಮಹಿಳೆಯರ ಸಮೃದ್ಧಿ. ಇತ್ತ ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು, ಐದೂವರೆ ಸಾವಿರಕ್ಕೂ ಹೆಚ್ಚಿನವು, ೨೦೧೯ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದು, ಈಗ ‘ಅರಿವು ಕೇಂದ್ರ’ಗಳೆಂದು ಹೆಸರು ಪಡೆದಿವೆ. ಹಲವು ಕಡೆ ಗೋಡೆಗೆ ಹೊಸ ಬಣ್ಣ ಬಂದಿದೆ, ಕಂಪ್ಯೂಟರು ಬಂದಿದೆ, ಮಕ್ಕಳು ಬರುತ್ತಿದ್ದಾರೆ. ಹಣದ ಪಾಠವನ್ನು ಹೇಳಲು ಇದಕ್ಕಿಂತ ತಕ್ಕ ಸ್ಥಳ ಯಾವುದಿದೆ ಎಂದು ಯಾರಿಗಾದರೂ ತೋರುವುದು ಸಹಜ.

ಸ್ಥಳ ತಕ್ಕದ್ದೆಂಬುದರಲ್ಲಿ ನನಗೂ ಸಂದೇಹವಿಲ್ಲ. ಸಂದೇಹವಿರುವುದು ಪಾಠದ ವಿಷಯದಲ್ಲಿ.

೨೦೨೫ರ ಆ ವಾರದಲ್ಲಿಯೇ ತಿಪಟೂರಿಗೂ ತುರುವೇಕೆರೆಗೂ ನಡುವಿನ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಇಂಥದೊಂದು ಸಭೆಗೆ ಹೋಗುವ ಸಂದರ್ಭ ನನಗೆ ಒದಗಿತು. ಮೇಲ್ವಿಚಾರಕರು ಬಲ್ಲವರು, ಬನ್ನಿ ಎಂದು ಕರೆದಿದ್ದರು. ಇಪ್ಪತ್ತು ಇಪ್ಪತ್ತೈದು ಮಂದಿ ಹೆಂಗಸರು ನೆಲದ ಮೇಲೆ ಕುಳಿತಿದ್ದರು. ಕೊಬ್ಬರಿ ಒಡೆಯುವ ಕೆಲಸದಿಂದ ನೇರವಾಗಿ ಬಂದವರ ಸೆರಗಿನಲ್ಲಿ ಚಿಪ್ಪಿನ ಪುಡಿ ಇನ್ನೂ ಇತ್ತು. ಬಂದಿದ್ದ ಅಧಿಕಾರಿಗಳು ಸಜ್ಜನರು, ಮಾತೂ ಹಿತವಾಗಿತ್ತು. ಆದಾಯಕ್ಕೆ ತಕ್ಕ ವೆಚ್ಚ ಮಾಡಿರಿ, ತಿಂಗಳಿಗಿಷ್ಟು ಉಳಿಸಿರಿ, ಗುಟ್ಟಿನ ಸಂಖ್ಯೆಯನ್ನು ಫೋನಿನಲ್ಲಿ ಯಾರಿಗೂ ಹೇಳದಿರಿ ಎಂದು ಮೊದಲಾಗಿ ಮುಕ್ಕಾಲು ಗಂಟೆ ಉಪದೇಶಿಸಿದರು. ಕೊನೆಯಲ್ಲಿ, “ಯಾರಾದರೂ ಏನಾದರೂ ಕೇಳುವುದುಂಟೆ?” ಎಂದರು.

ಐವತ್ತರ ಹರೆಯದ ಒಬ್ಬ ಹೆಂಗಸು ಎದ್ದು ನಿಂತಳು. “ಉಳ್ಸೋದ ನಮ್ಗೆ ಹೇಳ್ಕೊಡ್ಬೇಕಾಗಿಲ್ಲ ಸಾರ್, ನಮ್ಮನೆ ಅಟ್ಟ ಬಂದು ನೋಡಿ. ಇದ್ರಾಗೆ ಏನ್ ಬರ್ದೈತೆ ಅಂತ ಹೇಳಿ” ಎಂದು ಸೊಂಟದ ಸಂಚಿಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ಬಿಚ್ಚಿದಳು. ಹಿಂದಿನ ಡಿಸೆಂಬರಿನಲ್ಲಿ ಗುಂಪಿನ ಲೆಕ್ಕದಲ್ಲಿ ಪಡೆದ ಸಾಲದ ಕಾಗದ ಅದು. ಅಧಿಕಾರಿಗಳಿಗೆ ಮುಂದಿನ ಹಳ್ಳಿಯ ಸಭೆಗೆ ಹೊತ್ತಾಗಿತ್ತು. “ಸಾಲ ಕೊಟ್ಟವರನ್ನೇ ಕೇಳಿರಮ್ಮ” ಎಂದು ಹೇಳಿ, ನಮಸ್ಕರಿಸಿ ಹೊರಟರು. ಅವರ ತಪ್ಪೆಂದು ನಾನು ಹೇಳಲಾರೆ. ಆದರೆ ಆ ಹೆಂಗಸಿನ ಎರಡು ವಾಕ್ಯಗಳಲ್ಲಿ ಈ ಇಡೀ ವಿಷಯವೇ ಅಡಗಿದೆಯೆಂದು ನನಗೆ ಆಗಲೇ ಅನ್ನಿಸಿತು. ಇಂದಿಗೂ ಹಾಗೆಯೇ ಅನ್ನಿಸುತ್ತದೆ.

ಮೊದಲನೆಯ ವಾಕ್ಯವನ್ನು ತೆಗೆದುಕೊಳ್ಳೋಣ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳ ಸೀಮೆಯನ್ನು ಕಲ್ಪತರು ನಾಡು ಎನ್ನುತ್ತಾರೆ. ಕೇರಳದಲ್ಲಿಯೂ ತೆಂಗಿದೆ, ಕರಾವಳಿಯಲ್ಲಿಯೂ ಇದೆ. ಅಲ್ಲಿ ಹೆಚ್ಚಾಗಿ ಕಾಯಿಯನ್ನು ಒಡೆದು ಬಿಸಿಲಿಗಿಟ್ಟು ಎಣ್ಣೆಗೆ ಕಳುಹಿಸುತ್ತಾರೆ. ನಮ್ಮ ಸೀಮೆಯ ಕ್ರಮವೇ ಬೇರೆ. ಬಲಿತ ಕಾಯಿಯನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲಗೆ ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದಾಗಬೇಕು. ಆಗ ಸುಲಿದು, ಚಿಪ್ಪನ್ನು ಒಡೆದರೆ ಇಡಿಯಾದ ಉಂಡೆ ಕೊಬ್ಬರಿ, ಗಿಟುಕು, ಹೊರಬರುತ್ತದೆ. ಈ ಗಿಟುಕಿನಿಂದಲೇ ತಿಪಟೂರಿನ ಮಾರುಕಟ್ಟೆ ದೇಶದಲ್ಲೆಲ್ಲ ಹೆಸರಾಗಿರುವುದು.

ಒಂದು ವರ್ಷದ ಬೆಳೆಯನ್ನು ಮತ್ತೊಂದು ವರ್ಷದವರೆಗೆ ಮುಟ್ಟದೆ ಕಾಯುವ ಈ ಅಟ್ಟ ಉಳಿತಾಯವಲ್ಲದೆ ಮತ್ತೇನು? ಮಗಳ ಮದುವೆ ಬಂದರೆ ಅಟ್ಟದ ಒಂದು ಮೂಲೆ ಇಳಿಯುತ್ತದೆ. ಮಗನ ಕಾಲೇಜಿಗೆ ಇನ್ನೊಂದು ಮೂಲೆ. ಬೆಲೆ ಬಿದ್ದರೆ ತಡೆದು ಕಾಯುತ್ತಾರೆ. ಬಹಳ ದಿನ ಕಾದರೆ ಕೊಬ್ಬರಿ ಕೆಡಬಹುದೆಂಬುದನ್ನೂ ತೂಕ ಇಳಿಯುವುದೆಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅರ್ಥಶಾಸ್ತ್ರದ ಪುಸ್ತಕ ಓದಿದವರಿಗಿಂತ ಚೆನ್ನಾಗಿ ಅವರಿಗೆ ಏರಿಳಿತದ ಅರ್ಥ ಗೊತ್ತು. ೨೦೨೩ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ೧೧,೭೫೦ ರೂಪಾಯಿ ಇದ್ದಾಗ ಮಾರುಕಟ್ಟೆಯ ಬೆಲೆ ೮,೦೦೦ದ ಆಸುಪಾಸಿಗೆ ಕುಸಿಯಿತು. ೨೦೨೪ರ ಬೆಂಬಲ ಬೆಲೆ ೧೨,೦೦೦. ಅದರ ಮೇಲೆ ರಾಜ್ಯ ಸರ್ಕಾರ ೧,೫೦೦ ರೂಪಾಯಿ ಸೇರಿಸಿತು. ನಾಫೆಡ್ ಖರೀದಿಗೆ ಹೆಸರು ಬರೆಸಲು ರೈತರು ಇರುಳೆಲ್ಲ ಸಾಲಿನಲ್ಲಿ ನಿಂತರು. ಮರುವರ್ಷ, ೨೦೨೫ರಲ್ಲಿ, ಬೆಂಬಲ ಬೆಲೆ ೧೨,೧೦೦ ಇದ್ದರೆ ಮಾರುಕಟ್ಟೆಯ ಬೆಲೆ ೨೦,೦೦೦ವನ್ನೂ ದಾಟಿ ಮೇಲೇರಿತು. ಎರಡು ವರ್ಷಗಳಲ್ಲಿ ಒಂದೇ ಅಟ್ಟದ ಒಂದೇ ರಾಶಿಯ ಬೆಲೆ ಎರಡೂವರೆ ಪಟ್ಟಾಯಿತು. ಇಂಥ ತೂಗುಯ್ಯಾಲೆಯ ಮೇಲೆ ಸಂಸಾರ ನಡೆಸಿದವರಿಗೆ ಮಿತವ್ಯಯದ ಪಾಠ ಹೇಳುವುದು ಈಜುವವನಿಗೆ ನೀರಿನ ಗುಣವನ್ನು ವಿವರಿಸಿದಂತೆಯೇ ಸರಿ.

೨೦೧೯ರಲ್ಲಿ ನಡೆದ ರಾಷ್ಟ್ರಮಟ್ಟದ ಸಮೀಕ್ಷೆಯೊಂದು ದೇಶದ ವಯಸ್ಕರಲ್ಲಿ ನೂರಕ್ಕೆ ೨೭ ಮಂದಿ ಮಾತ್ರ ಆರ್ಥಿಕವಾಗಿ ಸಾಕ್ಷರರೆಂದು ಎಣಿಸಿತು. ಎಣಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಅಟ್ಟದ ಒಡತಿ ಆ ಇಪ್ಪತ್ತೇಳರಲ್ಲಿ ಸೇರುತ್ತಾಳೆಯೆ, ಉಳಿದ ಎಪ್ಪತ್ತಮೂರರಲ್ಲಿಯೆ? ಎರಡನೆಯ ಗುಂಪಿನಲ್ಲಿಯೇ ಇರಬೇಕು. ಏಕೆಂದರೆ ಅವಳ ಜ್ಞಾನ ಅಟ್ಟದಲ್ಲಿದೆ. ಪರೀಕ್ಷೆ ನಡೆಯುವುದು ಕಾಗದದಲ್ಲಿ.

ಕಾಗದ ಎಂದೆ. ತೊಡಕು ಆರಂಭವಾಗುವುದು ಅಲ್ಲಿಯೇ.

ಅಟ್ಟದ ಉಳಿತಾಯಕ್ಕೆ ಒಂದು ದೌರ್ಬಲ್ಯವುಂಟು: ಅದು ಕಾಯಬಲ್ಲುದು, ಆದರೆ ಮಂಗಳವಾರ ಬೇಕಾದ ಹಣವನ್ನು ಮಂಗಳವಾರವೇ ಕೊಡಲಾರದು. ಕಾಯಿ ಒಣಗುವವರೆಗೆ ಆಸ್ಪತ್ರೆಯ ಖರ್ಚು ತಡೆಯುವುದಿಲ್ಲ. ಹೀಗಾಗಿ ಅಟ್ಟದ ತುಂಬ ಕಾಯಿ ಇದ್ದೂ ಸಾಲಕ್ಕೆ ಕೈಚಾಚಬೇಕಾಗುತ್ತದೆ. ಬ್ಯಾಂಕಿಗೆ ಅಟ್ಟ ಕಾಣುವುದಿಲ್ಲ. ಮಾನ್ಯತೆ ಪಡೆದ ಉಗ್ರಾಣದಲ್ಲಿ ಸರಕಿಟ್ಟು ಅದರ ರಸೀದಿಯನ್ನೇ ಅಡವಿಡಬಹುದೆಂಬ ಕಾಯಿದೆ ೨೦೦೭ರಲ್ಲಿ ಬಂದಿದೆ. ಆದರೆ ಮನೆಯ ಅಟ್ಟಕ್ಕೆ ರಸೀದಿಯಿಲ್ಲ. ಸಹಕಾರ ಸಂಘಗಳಲ್ಲಿ ಗಡುವಿನೊಳಗೆ ತೀರಿಸುವವರಿಗೆ ಐದು ಲಕ್ಷ ರೂಪಾಯಿಗಳವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಕೊಡುವುದಾಗಿ ೨೦೨೩-೨೪ರ ಆಯವ್ಯಯದಲ್ಲಿ ರಾಜ್ಯ ಸರ್ಕಾರ ಸಾರಿತು. ಆದರೆ ಅದಕ್ಕೆ ಪಹಣಿ ಬೇಕು. ಪಹಣಿಯಲ್ಲಿರುವುದು ಗಂಡನ ಹೆಸರು, ಎಷ್ಟೋ ಕಡೆ ತೀರಿಕೊಂಡ ಮಾವನ ಹೆಸರು. ಮಂಡಿಯ ವರ್ತಕನ ಮುಂಗಡ ಸುಲಭವಾಗಿ ಸಿಗುತ್ತದೆ. ಆದರೆ ಪಡೆದವನು ಕೊಬ್ಬರಿಯನ್ನು ಅಲ್ಲಿಗೇ ಒಯ್ಯಬೇಕು. ರೈತನಿಂದ ದಲಾಲಿ ಹಿಡಿಯಬಾರದೆಂಬ ನಿಯಮವಿದ್ದರೂ ಋಣದಲ್ಲಿರುವವನು ಅದನ್ನು ಎತ್ತಿ ಆಡಲಾರ. ಈ ಎಲ್ಲ ಬಾಗಿಲುಗಳೂ ಹೀಗಿರುವಾಗ ಹೆಂಗಸಿಗೆ ಉಳಿಯುವುದು ಒಂದೇ ಬಾಗಿಲು. ಮನೆಯ ಮುಂದೆಯೇ ಬಂದು, ಪಹಣಿ ಕೇಳದೆ, ಆಧಾರ್ ಚೀಟಿಯನ್ನಷ್ಟೇ ನೋಡಿ, ಹತ್ತು ಜನರ ಗುಂಪಿನ ಹೊಣೆಯ ಮೇಲೆ ಕೊಡುವ ಕಿರುಸಾಲ ಅದು.

ಅಂದು ಆ ಹೆಂಗಸು ಬಿಚ್ಚಿದ ಕಾಗದ ಇಂಥ ಸಾಲದ್ದೇ. ಅಧಿಕಾರಿಗಳು ಹೋದಮೇಲೆ ಅದನ್ನು ನಾನು ಕೈಗೆ ತೆಗೆದುಕೊಂಡೆ. ಇಂಗ್ಲಿಷಿನಲ್ಲಿತ್ತು. “ನಿಮಗೆ ಬಡ್ಡಿ ಎಷ್ಟೆಂದು ಹೇಳಿದ್ದರು?” ಎಂದು ಕೇಳಿದೆ. “ನೂರಕ್ಕೆ ಒಂದ್ ರೂಪಾಯಿ ಅಂದಿದ್ರು” ಎಂದಳು. ತಿಂಗಳಿಗೆ ನೂರಕ್ಕೆ ಒಂದು ಎಂದರೆ ವರ್ಷಕ್ಕೆ ಹನ್ನೆರಡು. ಹಳ್ಳಿಯ ಕೈಸಾಲದ ಎರಡು, ಮೂರು ರೂಪಾಯಿ ಬಡ್ಡಿಯ ಮುಂದೆ ಇದು ಧರ್ಮದ ಬಡ್ಡಿಯೆಂದೇ ತೋರಬೇಕು.

ಲೆಕ್ಕ ಹೀಗಿತ್ತು. ಸಾಲ ೫೦,೦೦೦ ರೂಪಾಯಿ. ಅವಧಿ ಎರಡು ವರ್ಷ. ತಿಂಗಳಿಗೆ ೫೦೦ರಂತೆ ೨೪ ತಿಂಗಳ ಬಡ್ಡಿ ೧೨,೦೦೦. ಒಟ್ಟು ೬೨,೦೦೦ವನ್ನು ೨೪ ಕಂತು ಮಾಡಿದರೆ ಕಂತಿಗೆ ೨,೫೮೩ ರೂಪಾಯಿ ಚಿಲ್ಲರೆ. ಇಷ್ಟರಲ್ಲಿ ಸುಳ್ಳೇನೂ ಇಲ್ಲ. ಆದರೆ ಪ್ರತಿ ತಿಂಗಳೂ ಅವಳು ಅಸಲಿನ ಒಂದು ಪಾಲನ್ನು ಹಿಂದಿರುಗಿಸುತ್ತಿದ್ದಾಳಷ್ಟೆ. ವರ್ಷ ಕಳೆದಾಗ ಹೆಚ್ಚುಕಡಿಮೆ ಅರ್ಧ ಸಾಲ ತೀರಿರುತ್ತದೆ. ಆದರೂ ಬಡ್ಡಿಯನ್ನು ಮಾತ್ರ ಇಡೀ ೫೦,೦೦೦ದ ಮೇಲೆಯೇ ಕೊಡುತ್ತಿರುತ್ತಾಳೆ. ಕೈಯಲ್ಲಿ ನಿಜವಾಗಿ ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ ಹಾಕಿ ನೋಡಿದರೆ ಈ ‘ಒಂದು ರೂಪಾಯಿ’ ವರ್ಷಕ್ಕೆ ನೂರಕ್ಕೆ ಇಪ್ಪತ್ತೊಂದೂವರೆಯಾಗುತ್ತದೆ. ಇದರ ಮೇಲೆ, ಸಾಲ ಕೊಡುವಾಗಲೇ ಪರಿಶೀಲನೆಯ ಶುಲ್ಕ, ವಿಮೆ ಎಂದು ೧,೫೦೦ ರೂಪಾಯಿ ಮುರಿದುಕೊಂಡಿದ್ದರು. ಕೈಗೆ ಬಂದದ್ದು ೪೮,೫೦೦. ಕಂತು ಮಾತ್ರ ೫೦,೦೦೦ಕ್ಕೆ. ಅದನ್ನೂ ಸೇರಿಸಿದರೆ ನೂರಕ್ಕೆ ಇಪ್ಪತ್ತೈದಕ್ಕೆ ಹತ್ತಿರವಾಯಿತು. ಕಾಗದದ ಎರಡನೆಯ ಪುಟದಲ್ಲಿ, ಚೌಕದೊಳಗೆ, ಈ ಸಂಖ್ಯೆಯೇ ಪ್ರಾಮಾಣಿಕವಾಗಿ ಅಚ್ಚಾಗಿತ್ತು.

ಅಚ್ಚಾಗಿದ್ದುದು ಅವರ ಔದಾರ್ಯದಿಂದಲ್ಲ. ೨೦೨೪ರ ಅಕ್ಟೋಬರ್ ೧ರಿಂದ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಇಂಥ ಪ್ರತಿಯೊಂದು ಸಾಲದೊಡನೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯಾಂಶ ಪತ್ರವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರತಕ್ಕದ್ದು. ಇನ್ನೊಂದು ಮಾತೂ ಆ ವಿಧಿಯಲ್ಲಿದೆ: ಪತ್ರವು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಮತ್ತು ಅದನ್ನು ಅವನಿಗೆ ವಿವರಿಸಬೇಕು. ನನ್ನ ಕೈಯಲ್ಲಿದ್ದ ಪತ್ರ ಮೊದಲನೆಯ ನಿಯಮವನ್ನು ಪಾಲಿಸಿತ್ತು, ಎರಡನೆಯದನ್ನು ಮರೆತಿತ್ತು. ಸತ್ಯವನ್ನು ಹೇಳಬೇಕೆಂದು ಕಾನೂನು ಆಜ್ಞಾಪಿಸಿತು, ಸತ್ಯವನ್ನು ಹೇಳಿದರು, ಕೇಳುವವಳಿಗೆ ತಿಳಿಯದ ಭಾಷೆಯಲ್ಲಿ ಹೇಳಿದರು.

ಹಾಗೆಂದು ಓದುಬರಹ ಬಲ್ಲವರಿಗೆ ಈ ಕಾಗದಗಳು ಸುಲಭವೆಂದು ತಿಳಿಯಬಾರದು. ಇಲ್ಲಿ ನನ್ನದೇ ಕಥೆಯೊಂದನ್ನು ಹೇಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ತಂದೆಯವರು ಕೊಬ್ಬರಿ ಮಾರಿದ ಹಣವನ್ನು ಠೇವಣಿಯಿಡಲೆಂದು ಒಂದು ಬ್ಯಾಂಕಿಗೆ ಹೋದೆ. ಮೇಜಿನ ಆಚೆಯಿದ್ದ ಯುವಕ ಬಹಳ ವಿನಯದಿಂದ, ಠೇವಣಿಗಿಂತ ಇದು ಮೇಲು ಎಂದು ಅರ್ಜಿಯೊಂದನ್ನು ಮುಂದಿಟ್ಟ. ಅವನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬಂದೆ. ಮರುವರ್ಷ ಎರಡನೆಯ ಕಂತು ಕಟ್ಟಿರೆಂದು ಪತ್ರ ಬಂದಾಗಲೇ ನಾನು ಠೇವಣಿಯಿಟ್ಟಿರಲಿಲ್ಲ, ಹತ್ತು ವರ್ಷದ ವಿಮೆ ಕೊಂಡಿದ್ದೆ ಎಂದು ತಿಳಿದದ್ದು. ವಿಮಾಪತ್ರ ಕೈಸೇರಿದ ಕೆಲವು ದಿನಗಳೊಳಗೆ ಬೇಡವೆಂದು ಹಿಂದಿರುಗಿಸುವ ಹಕ್ಕು ಉಂಟು; ೨೦೨೪ರಿಂದ ಆ ಅವಧಿ ಮೂವತ್ತು ದಿನ. ನನಗೂ ಆಗಿನ ನಿಯಮದಂತೆ ಆ ಹಕ್ಕು ಇತ್ತು. ಅದು ವಿಮಾಪತ್ರದ ಮೊದಲ ಪುಟದಲ್ಲಿಯೇ ಬರೆದಿತ್ತು. ಲಕೋಟೆಯನ್ನು ನಾನು ಒಡೆದೇ ಇರಲಿಲ್ಲ. ಹಳಗನ್ನಡದ ಒಂದು ಪಾಠಾಂತರಕ್ಕಾಗಿ ಎರಡು ದಿನ ನಿಘಂಟು ತಿರುವಬಲ್ಲವನು ತಂದೆಯ ದುಡಿಮೆಯ ಕಾಗದವನ್ನು ಎರಡು ನಿಮಿಷ ಓದಲಿಲ್ಲ. ಈ ನಾಚಿಕೆಯನ್ನು ಇಷ್ಟು ದಿನ ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ.

ನನಗೆ ಹೋದದ್ದು ಹಣ ಮಾತ್ರ. ಸಂಬಳ ಬರುವವನಾದ್ದರಿಂದ ತಡೆದುಕೊಂಡೆ. ತಡೆಯಲಾರದವರ ಸುದ್ದಿಯನ್ನು ೨೦೨೫ರ ಜನವರಿಯಲ್ಲಿ ನಾಡೆಲ್ಲ ಓದಿತು. ಕಿರುಸಾಲದ ವಸೂಲಿಯ ಕಿರುಕುಳಕ್ಕೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕೆಲವರು ಪ್ರಾಣವನ್ನೇ ಬಿಟ್ಟರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಬಲಾತ್ಕಾರದಿಂದ ವಸೂಲು ಮಾಡುವವರಿಗೆ ಹತ್ತು ವರ್ಷಗಳವರೆಗೆ ಸೆರೆಮನೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ ಎಂದು ವಿಧಿಸಿತು. ಒಳ್ಳೆಯದಾಯಿತು. ಆದರೆ ಈ ಕಾನೂನು ಕೆಲಸ ಮಾಡುವುದು ವಸೂಲಿಗಾರ ಬಾಗಿಲಿಗೆ ಬಂದಮೇಲೆ. ಕುಟುಂಬದ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು ೨೦೨೨ರಲ್ಲಿಯೇ ಕಿರುಸಾಲಗಳಿಗೆ ಮಿತಿ ಹಾಕಿತ್ತು. ಆ ಮಿತಿ ಸಾಲಗಾರಳಿಗೆ ತಿಳಿದಿದ್ದರೆ ಮೂರನೆಯ ಸಾಲದ ಕಾಗದ ಮುಂದೆ ಬಂದಾಗ ಆಕೆ ಒಂದು ಗಳಿಗೆ ತಡೆದಾಳು. ದಂಡನೆ ಕೊನೆಯ ಮೆಟ್ಟಿಲು. ಓದು ಮೊದಲ ಮೆಟ್ಟಿಲು.

ಹಾಗಾದರೆ ಓದಿ ಹೇಳುವವರು ಯಾರು? ಇದೇ ನನ್ನ ಮುಖ್ಯ ಪ್ರಶ್ನೆ.

ಬ್ಯಾಂಕಿನವರು ಹೇಳಬಹುದು, ಆದರೆ ಅವರಿಗೆ ವಿಮೆ ಮಾರುವ ಗುರಿಯೂ ಇದೆ. ಸಾಲ ಕೊಡುವವನು ಹೇಳಬಹುದು. ಅವನಿಗೆ ಸಹಿ ಬೇಕು. ಮಂಡಿಯ ವರ್ತಕ ಬುದ್ಧಿವಂತ. ಅವನಿಗೆ ಕೊಬ್ಬರಿ ಬೇಕು. ಪಂಚಾಯಿತಿಯ ಸದಸ್ಯನಿಗೆ ಮತ ಬೇಕು. ಹಳ್ಳಿಯಲ್ಲಿ ಒಂದಿಷ್ಟು ಅಕ್ಷರ ಬಲ್ಲ ಪ್ರತಿಯೊಬ್ಬರಿಗೂ ಆ ಹೆಂಗಸಿನಿಂದ ಏನಾದರೂ ಆಗಬೇಕಾದುದಿದೆ. ಏನನ್ನೂ ಮಾರದ, ಏನನ್ನೂ ಕೊಳ್ಳದ, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವುದಕ್ಕಾಗಿಯೇ ಇರುವ ಸಂಸ್ಥೆ ಊರಿನಲ್ಲಿ ಒಂದಿದ್ದರೆ ಅದು ಪುಸ್ತಕಭಂಡಾರ. ಅದರ ಕೂಲಿಯನ್ನು ಆಕೆ ಕಂದಾಯದ ರಸೀದಿಯಲ್ಲಿ ಮುಂಗಡವಾಗಿಯೇ ಕೊಟ್ಟಿದ್ದಾಳೆ.

ಈ ವಿಚಾರ ಹೊಸದೆಂದು ನಾನು ಹೇಳಿಕೊಳ್ಳುವುದಿಲ್ಲ. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ರೈತ ತನ್ನ ಲೆಕ್ಕವನ್ನು ತಾನೇ ನೋಡಬಲ್ಲನೆಂಬ ನಂಬಿಕೆ ಅದರ ಬುಡದಲ್ಲಿತ್ತು. ೧೯೨೮ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಬಾಗಿಲಿನಲ್ಲಿ ಕೂಡಿಸತೊಡಗಿದಾಗ, ಬ್ಯಾಂಕಿನ ಮೆಟ್ಟಿಲೇರದವರ ಕೈಗೂ ಲೆಕ್ಕದ ಪುಸ್ತಕ ಬಂದಿತು. ೧೯೪೦ರ ದಶಕದಲ್ಲಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಇರುಳು ತರಗತಿಗಳನ್ನೂ ಹಳ್ಳಿಯ ಪುಸ್ತಕಭಂಡಾರಗಳನ್ನೂ ಒಟ್ಟೊಟ್ಟಿಗೆ ನಡೆಸಿ, ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸಿತು. ಅಕ್ಷರ, ಲೆಕ್ಕ, ಪುಸ್ತಕ ಬೇರೆಬೇರೆಯೆಂದು ಆ ಹಿರಿಯರು ತಿಳಿಯಲಿಲ್ಲ. ಬೇರೆ ಮಾಡಿದವರು ನಾವು.

ಪ್ರತಿ ಅರಿವು ಕೇಂದ್ರದಲ್ಲಿಯೂ ವಾರಕ್ಕೊಂದು ಸಂಜೆ ‘ಕಾಗದ ಓದುವ ಹೊತ್ತು’ ಇರಲಿ ಎಂಬುದು ನನ್ನ ಸೂಚನೆ. ಯಾರು ಯಾವ ಕಾಗದ ತಂದರೂ, ಸಾಲದ್ದಾಗಲಿ, ವಿಮೆಯದಾಗಲಿ, ಮಂಡಿಯ ಲೆಕ್ಕದ ಚೀಟಿಯಾಗಲಿ, ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಆ ವರ್ಷದ ಬೆಂಬಲ ಬೆಲೆ, ವಾರದ ಮಾರುಕಟ್ಟೆಯ ಬೆಲೆ, ಮುಖ್ಯಾಂಶ ಪತ್ರದ ಒಂದು ಮಾದರಿ ಇರಬೇಕು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಐದು ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯುಂಟು ಎಂಬುದೂ, ಊರಿನ ಚೀಟಿಗೆ ಅಂಥ ರಕ್ಷಣೆಯಿಲ್ಲ ಎಂಬುದೂ ಅಲ್ಲಿ ಕಾಣಬೇಕು. ಫೋನಿನಲ್ಲಿ ಪೊಲೀಸರ ವೇಷ ತೋರಿಸಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಈಗ ಹಳ್ಳಿಗಳನ್ನೂ ಬಿಟ್ಟಿಲ್ಲ. ಹಾಗೆಂಬುದು ಕಾನೂನಿನಲ್ಲಿಯೇ ಇಲ್ಲವೆಂದೂ, ಹಣ ಹೋದ ಕೂಡಲೆ ೧೯೩೦ಕ್ಕೆ ಕರೆ ಮಾಡಬೇಕೆಂದೂ ಬರೆದಿರಬೇಕು. ಮತ್ತು ಆ ಹೊತ್ತು ಕೊಬ್ಬರಿಯ ಕೆಲಸ ಮುಗಿದ ಮೇಲಿನದಾಗಿರಬೇಕು. ಹಗಲು ಹತ್ತು ಗಂಟೆಗೆ ತೆರೆದು ಐದಕ್ಕೆ ಮುಚ್ಚುವ ಅರಿವು, ಕೂಲಿಗೆ ಹೋಗುವ ಹೆಂಗಸಿಗೆ ಇದ್ದೂ ಇಲ್ಲದಂತೆ.

ಇದಕ್ಕೆ ಆಕ್ಷೇಪಗಳುಂಟು. ಮೇಲ್ವಿಚಾರಕರು ಒಬ್ಬರೇ, ಇರುವ ಕೆಲಸವೇ ಅವರಿಗೆ ಸಾಕಾಗಿದೆ. ತಪ್ಪು ಸಲಹೆ ಕೊಟ್ಟು ಯಾರಿಗಾದರೂ ನಷ್ಟವಾದರೆ ಹೊಣೆ ಯಾರದು? ಒಬ್ಬರ ಸಾಲದ ವಿಷಯ ನಾಲ್ವರ ಕಿವಿಗೆ ಬಿದ್ದರೆ ಮಾನ ಹೋಗುವುದಿಲ್ಲವೆ? ಮೂರೂ ನ್ಯಾಯವಾದ ಮಾತುಗಳೇ. ಕೊನೆಯದಕ್ಕೆ ಒಂದು ಪ್ರತ್ಯೇಕ ಮೇಜು ಸಾಕು. ನಾಲ್ವರು ಕೂಡಿ ಓದುವ ಪಾಠಕ್ಕೆ ಮಾದರಿಯ ಕಾಗದವನ್ನೇ ಬಳಸಬಹುದು. ಹೊಣೆಯ ಪ್ರಶ್ನೆಗೆ ಉತ್ತರ, ಓದುವುದಕ್ಕೂ ಸಲಹೆ 
ಕೊಡುವುದಕ್ಕೂ ಇರುವ ಅಂತರದಲ್ಲಿದೆ. ‘ಈ ಸಾಲ ಪಡೆಯಬೇಡ’ ಎನ್ನುವುದು ಗ್ರಂಥಪಾಲಕನ ಕೆಲಸವಲ್ಲ. ‘ಇಲ್ಲಿ ಹೀಗೆ ಬರೆದಿದೆ’ ಎನ್ನುವುದಷ್ಟೇ ಅವನದು. ಇನ್ನು ಜನಬಲದ ಮಾತು. ಈ ಮೂರು ತಾಲ್ಲೂಕುಗಳಲ್ಲಿ ಪದವಿ ಕಾಲೇಜುಗಳಿವೆ, ಅಲ್ಲಿ ವಿದ್ಯಾರ್ಥಿಗಳಿದ್ದಾರೆ, ನಮ್ಮಂಥ ಅಧ್ಯಾಪಕರಿದ್ದೇವೆ. ವಾರಕ್ಕೊಂದು ಸಂಜೆಯನ್ನು ಸರದಿಯಂತೆ ಹಂಚಿಕೊಂಡರೆ ಯಾರಿಗೂ ಹೊರೆಯಾಗದು.

ಅಧ್ಯಾಪಕರ ಮಾತು ಬಂದುದರಿಂದ, ಮನಸ್ಸಿಗೆ ನೆಟ್ಟ ಸಂಗತಿಯೊಂದನ್ನು ಹೇಳಲೇಬೇಕು. ಕಾಗದವನ್ನು ಓದುತ್ತ, “ಮನೆಯಲ್ಲಿ ಓದಿದವರು ಯಾರೂ ಇಲ್ಲವೆ?” ಎಂದು ಆ ಹೆಂಗಸನ್ನು ಕೇಳಿದೆ. “ಮಗಳು ಬಿ.ಎ. ಓದ್ತವ್ಳೆ ಸಾರ್, ನಿಮ್ ಕ್ಲಾಸೇ. ತೋರಿಸ್ದೆ. ಅರ್ಥ ಆಗಲ್ಲ ಕಣಮ್ಮ ಅಂದ್ಳು” ಎಂದಳು. ಹೆಸರು ಹೇಳಿದಳು. ಆ ಹುಡುಗಿಯನ್ನು ನಾನು ಬಲ್ಲೆ. ಕನ್ನಡದಲ್ಲಿ ತರಗತಿಗೇ ಮೊದಲು. ಷಟ್ಪದಿಗೆ ಪ್ರಸ್ತಾರ ಹಾಕುವುದನ್ನು ಅವಳಿಗೆ ಕಲಿಸಿದವನು ನಾನೇ. ಕಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಮುಂದೆಯೂ ಕಲಿಸುತ್ತೇನೆ. ಆದರೆ ತಾಯಿ ಸಹಿ ಹಾಕಿದ ಕಾಗದವನ್ನು ಓದಲಾರದ ಭಾಷಾಶಿಕ್ಷಣ ಪೂರ್ಣವಾದುದೆಂದು ಇನ್ನು ನಾನು ಹೇಳಿಕೊಳ್ಳಲಾರೆ. ಸಾಲದ ನೋವನ್ನು ನಮ್ಮ ಸಾಹಿತ್ಯ ಅರಿಯದೆ ಹೋಗಿಲ್ಲ. ಸರ್ವಜ್ಞ ಸಾಲದ ಮೇಲೆ ಹೇಳಿದುದು ಅಕ್ಷರ ಬಾರದವರಿಗೂ ಬಾಯಿಪಾಠ. ಆದರೆ ಅದು ಸಾಲದ ಸ್ವಭಾವವನ್ನು ಹೇಳುತ್ತದೆ. ಸಾಲದ ಷರತ್ತನ್ನು ಹೇಳಬೇಕಾದವರು ನಾವು.

ಈ ಸೀಮೆಗೆ ಇದು ಅಸಾಧ್ಯವೆಂದು ಹೇಳುವಂತಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುರುವೇಕೆರೆ ಸೀಮೆಯ ಸಂಪಿಗೆಯಲ್ಲಿ. ಇಂಗ್ಲಿಷ್ ಕವಿತೆಯನ್ನು ಅವರು ಕನ್ನಡದ್ದೇ ಎಂಬಂತೆ ನುಡಿಸಿದರು. ತೀ. ನಂ. ಶ್ರೀಕಂಠಯ್ಯನವರು ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಸಂಸ್ಕೃತದ ಕಾವ್ಯಶಾಸ್ತ್ರದಂಥ ಗಹನವಾದ ವಿಷಯವನ್ನು ಅವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ತಿಳಿಗನ್ನಡಕ್ಕೆ ಇಳಿಸಿದರು. ಇಬ್ಬರೂ ಮಾಡಿದ್ದು ಒಂದೇ ಬಗೆಯ ಕೆಲಸ: ಕೆಲವರ ಸೊತ್ತಾಗಿದ್ದ ತಿಳಿವಳಿಕೆಯನ್ನು ಕನ್ನಡ ಬಲ್ಲ ಎಲ್ಲರದಾಗಿಸಿದ್ದು. ಅವರ ಹಾದಿಯಲ್ಲಿ ನಡೆದು ಬಂದ ನಾವು ಎರಡು ಪುಟದ ಒಂದು ಸಾಲಪತ್ರವನ್ನು ಅದೇ ಊರಿನ ಹೆಂಗಸಿಗೆ ಕನ್ನಡದಲ್ಲಿ ತಿಳಿಸಲಾರೆವೆ? ಬ್ಯಾಂಕುಗಳಿಗೆ ಕನ್ನಡ ಬೇಕೆಂದು ವರ್ಷವರ್ಷವೂ ನವೆಂಬರಿನಲ್ಲಿ ಭಾಷಣ ಮಾಡುತ್ತೇವೆ. ಅರ್ಥವಾಗುವ ಭಾಷೆಯಲ್ಲಿ ಪತ್ರ ಕೊಡಬೇಕೆಂಬ ವಿಧಿ ಈಗ ಕೈಯಲ್ಲಿಯೇ ಇದೆ. ಕೌಂಟರಿನ ಮುಂದೆ ನಿಂತು, “ಇದರ ಕನ್ನಡ ಪ್ರತಿ ಕೊಡಿ” ಎಂದು ಕೇಳುವ ನೂರು ಮಂದಿ ಹೆಂಗಸರು ನೂರು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡಿಯಾರು.

ಅಂದು ಗ್ರಂಥಾಲಯದಲ್ಲಿ ಆ ಕಾಗದವನ್ನು ಮುಗಿಸಲು ನಮಗೆ ಒಂದೂವರೆ ಗಂಟೆ ಹಿಡಿಯಿತು. ಓದಿದ್ದರಿಂದ ಅವಳ ಸಾಲ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಅಟ್ಟದ ಕಾಯಿ ಇಳಿಸಿದಾಗ ಉಳಿದ ಅಸಲನ್ನು ಅವಧಿಗೆ ಮೊದಲೇ ಕಟ್ಟಬಹುದೆ, ಕಟ್ಟಿದರೆ ದಂಡವುಂಟೆ ಎಂಬುದನ್ನು ಮಾತ್ರ ಅವಳು ಎರಡೆರಡು ಸಲ ಕೇಳಿ ತಿಳಿದುಕೊಂಡಳು. ದಂಡವಿಲ್ಲವೆಂದು ಆ ಕಾಗದದಲ್ಲಿಯೇ ಬರೆದಿತ್ತು. “ಅಂದ್ರೆ ಯುಗಾದಿ ಕಳುದ್ಮೇಲೆ ಇಳಿಸ್ಬೇಕು” ಎಂದು ತನಗೆ ತಾನೇ ಹೇಳಿಕೊಂಡು, ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. ಅಟ್ಟದ ಲೆಕ್ಕವೂ ಕಾಗದದ ಲೆಕ್ಕವೂ ಅವಳ ಮನಸ್ಸಿನಲ್ಲಿ ಮೊದಲ ಬಾರಿಗೆ ಒಂದೆಡೆ ಸೇರಿದ್ದವು. ಅವಳ ಹಿಂದೆ ಇನ್ನೂ ಆರೇಳು ಮಂದಿ, ತಮ್ಮ ತಮ್ಮ ಸಂಚಿಗೆ ಕೈಹಾಕಿ ನಿಂತಿದ್ದರು. ಮೇಲ್ವಿಚಾರಕರು ದೀಪ ಹಾಕಿದರು.